ಮೊದಲ ಕಾರಣದ ಅಧ್ಯಾಯ

ಫಾದರ್‌ರ ಕಣ್ಣು ಪೂರ್ತಿ ಮಂಜಾದ ಮೇಲೆ ಅವರಿಗೆ ಪುಸ್ತಕ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಿವೃತ್ತರಾದ ಅವರು ಹಳಿಯಾಳದಲ್ಲಿ ಚರ್ಚಿನ ಹಿಂದಿನ ಕೋಣೆಯಲ್ಲಿದ್ದರು. ನನಗೆ ಜ್ಞಾನಸ್ನಾನ ಕೊಟ್ಟವರು ಅವರು. ಅವ್ವನನ್ನು ಒಪ್ಪಿಸಿ, ನಮ್ಮ ಸಿದ್ದಿ ಕೇರಿಯಿಂದ ನನ್ನನ್ನು ಕಾಲೇಜಿಗೆ ಕಳಿಸಿದವರೂ ಅವರೇ. ಈಗ ನಾನು ದಾಂಡೇಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಭಾನುವಾರ ಬಸ್ಸು ಹಿಡಿದು ಬಂದು, ಪೂಜೆ ಮುಗಿದ ಮೇಲೆ ಚರ್ಚಿನ ಮಕ್ಕಳಿಗೆ ಜ್ಞಾನೋಪದೇಶದ ಪಾಠ ಹೇಳಿ, ಆಮೇಲೆ ಅವರ ಕೋಣೆಗೆ ಹೋಗುತ್ತಿದ್ದೆ.

ಪುಸ್ತಕ ಆರಿಸಿದ್ದು ನಾನೇ. ಪಾದ್ರಿಯಾಗಲು ಗುರುಮಠದಲ್ಲಿ ಕಲಿಯುತ್ತಿದ್ದಾಗ ಅವರು ಓದಿದ್ದ ಕ್ರೈಸ್ತ ತತ್ವಶಾಸ್ತ್ರದ ದಪ್ಪ ಇಂಗ್ಲಿಷ್ ಪುಸ್ತಕ. ಸೋಮವಾರದಿಂದ ಶನಿವಾರದವರೆಗೆ ಪುರಾವೆ ಕೇಳಿ ಎಂದು ಕಲಿಸಿ, ಭಾನುವಾರ ನಂಬಿ ಎಂದು ಕಲಿಸುವುದು ನನಗೆ ಕಷ್ಟವಾಗತೊಡಗಿತ್ತು. ವಿಶ್ವಾಸವೂ ವಿಚಾರವೂ ಒಂದೇ ತಲೆಯಲ್ಲಿ ಬಾಳಬಹುದು ಎಂದು ಆ ಪುಸ್ತಕ ಶುರುವಿನಲ್ಲೇ ಭರವಸೆ ಕೊಟ್ಟಿತ್ತು. ಆ ಭರವಸೆಗೇ ಓದುತ್ತಿದ್ದೆ.

ಮೊದಲ ಕಾರಣದ ಅಧ್ಯಾಯ ಬಂತು. ಪ್ರತಿಯೊಂದಕ್ಕೂ ಒಂದು ಕಾರಣವಿದೆ, ಕಾರಣಗಳ ಸಾಲು ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ನಿಂತಲ್ಲಿ ದೇವರಿದ್ದಾನೆ. ಚಿಕ್ಕವಳಿದ್ದಾಗ ಫಾದರ್ ನಮಗೆ ಕಲಿಸಿದ್ದ ಇದನ್ನೇ ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಆ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಒಂದು ಪ್ರಶ್ನಾರ್ಥಕ ಚಿಹ್ನೆ ಕಂಡಿತು.

"ಇದು ನೀವು ಹಾಕಿದ್ದೇನ್ರಿ, ಫಾದರ್?"

"ಹೌದು."

"ನನಗೂ ಅದ ಸಂಶಯ ಐತ್ರಿ. ಸಾಲು ನಿಲ್ಲಾಕಬೇಕು ಅಂತ ಯಾರು ಹೇಳಿದ್ರು? ನಿಂತ್ರೂ, ಅಲ್ಲಿರೂದು ನಮ್ಮವ್ವನ ಪ್ರಾರ್ಥನಾ ಕೇಳೂ ದೇವರ ಅಂತ ಹೆಂಗ ಗೊತ್ತಾತು?"

ಅವರು ಉತ್ತರ ಕೊಡುತ್ತಾರೆ ಎಂದುಕೊಂಡು ಕಾದೆ. ನನ್ನನ್ನು ಸೋಲಿಸಲಿ ಎಂದೇ ಕೇಳಿದ್ದೆ.

"ಗೊತ್ತಾಗೂದಿಲ್ಲ ಮಗಳ," ಎಂದರು. "ಈ ವಾದ ನನಗ ಅವತ್ತೂ ಒಪ್ಪಿಗೆ ಆಗಿರಲಿಲ್ಲ, ಇವತ್ತೂ ಆಗಿಲ್ಲ."

"ಮತ್ತ ನಮಗ ಯಾಕ ಕಲಿಸಿದ್ರಿ?"

"ಪುಸ್ತಕದಾಗ ಇತ್ತು, ಕಲಿಸಿದ್ನಿ. ನೀ ಕೇಳಿದಂಗ ಯಾರೂ ಕೇಳಲಿಲ್ಲ."

ಪುಸ್ತಕ ಮುಚ್ಚಿಟ್ಟು ಎದ್ದು ಬಂದೆ. ದೇವರ ಬಗ್ಗೆ ಹುಟ್ಟಿದ ಸಂಶಯಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಅವರು ಸುಮ್ಮನಿದ್ದದ್ದು ನನ್ನನ್ನು ಚುಚ್ಚಿತು. ಮರುದಿನ ತರಗತಿಯಲ್ಲಿ ಬೆಳಕಿನ ವಕ್ರೀಭವನ ವಿವರಿಸುತ್ತ ಮಧ್ಯದಲ್ಲೇ ಮಾತು ನಿಂತುಹೋಯಿತು. ಭಾನುವಾರದ ಪಾಠದಲ್ಲಿ ನಾನೂ ಅವರಂತೆಯೇ, ಒಪ್ಪದ್ದನ್ನು ಒಪ್ಪಿದವಳ ಹಾಗೆ ಕಲಿಸುತ್ತಿದ್ದೇನೆ ಅನ್ನಿಸಿತು. ಜ್ಞಾನೋಪದೇಶದ ಪಾಠ ಬೇರೆಯವರಿಗೆ ಕೊಡಿ ಎಂದು ಚರ್ಚಿಗೆ ಹೇಳಿಬಿಟ್ಟೆ. ಭಾನುವಾರದ ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳಲು ಎದ್ದು ಹೋಗಲಿಲ್ಲ. ಫಾದರ್‌ರ ಕೋಣೆಯ ಕಡೆಗೂ ಹೋಗಲಿಲ್ಲ.

ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ಕೂರುವ ಅವ್ವ ಇದನ್ನೆಲ್ಲ ನೋಡಿದ್ದಳು. ಮನೆಯಲ್ಲಿ ಕೊಂಕಣಿ ಮಾತಾಡುವ ಅವಳು ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಹೊರಳುತ್ತಾಳೆ. ಒಂದು ಭಾನುವಾರ ಕೇರಿಯ ನಮ್ಮ ಮನೆಯ ಅಂಗಳದಲ್ಲಿ ಹಳೆ ಸೀರೆಗಳ ಕವದಿ ಹೊಲಿಯುತ್ತ ಕೇಳಿದಳು:

"ದೇವರು ಇಲ್ಲಂತ ಗೊತ್ತಾತೇನ ನಿನಗ?"

"ಗೊತ್ತಿಲ್ಲವ್ವಾ."

"ಗೊತ್ತಿಲ್ಲಂದ್ರ ಅವರಿಗೆ ಓದಿ ಹೇಳೂದು ಯಾಕ ಬಿಟ್ಟಿ? ಅವರಿಗೆ ಕಣ್ಣು ಬಂದಾವೇನು?"

ಅವಳು ತಲೆ ಎತ್ತದೆ ಹೊಲಿಗೆ ಮುಂದುವರಿಸಿದಳು.

ಮುಂದಿನ ಭಾನುವಾರ ಹೋದೆ. ಹೆಜ್ಜೆ ಸಪ್ಪಳದಲ್ಲೇ ಫಾದರ್ ಗುರುತು ಹಿಡಿದರು. ಮೊದಲಿಗಿಂತ ಇಳಿದುಹೋಗಿದ್ದರು. ಅಂಗಿಯ ಗುಂಡಿಗಳು ತಪ್ಪು ಕಾಜಿಗಳಿಗೆ ಬಿದ್ದಿದ್ದವು.

"ಇನ್ನೂ ಸಿಟ್ಟೈತೇನ ನನ್ನ ಮ್ಯಾಲ?"

"ಐತ್ರಿ."

"ಇರ್ಲಿ. ಓದು."

ಓದಿದೆ. ಒಪ್ಪದ ಸಾಲು ಬಂದಲ್ಲೆಲ್ಲ ನಿಲ್ಲಿಸಿ ಜಗಳ ತೆಗೆದೆ. ಕೆಲವು ಕಡೆ ಅವರು ಸೋತರು, ಕೆಲವು ಕಡೆ ನಾನು. ಒಮ್ಮೆ ಕೇಳಿಯೇಬಿಟ್ಟೆ: "ವಾದ ಇಲ್ಲದ ಇಷ್ಟು ವರ್ಷ ನೀವು ಹೆಂಗ ನಂಬ್ಕೊಂಡು ಇದ್ರಿ?"

"ದಿನಾ ಪ್ರಾರ್ಥನಾ ಮಾಡಿದ್ನಿ. ಕೆಲವು ದಿನ ಯಾರೋ ಕೇಳಾಕತ್ತಾರ ಅನಿಸ್ತಿತ್ತು. ಕೆಲವು ವರ್ಷ ಅನಿಸಲೇ ಇಲ್ಲ."

'ವರ್ಷ' ಎಂಬ ಆ ಮಾತು ನನ್ನನ್ನು ಹೆದರಿಸಿತು.

ಈಗಲೂ ಅವರಿಗೆ ಓದಿ ಹೇಳುತ್ತಿದ್ದೇನೆ. ಓದು ಮುಗಿದ ಮೇಲೆ ಅವರು ಕೈ ಜೋಡಿಸುತ್ತಾರೆ, ನಾನೂ ಎದ್ದು ನಿಲ್ಲುತ್ತೇನೆ. ಪ್ರಾರ್ಥನೆ ಅವರೊಬ್ಬರೇ ಹೇಳುತ್ತಾರೆ. ನನ್ನ ದನಿ ಸೇರಿಲ್ಲವೆಂದು ಅವರಿಗೆ ತಿಳಿಯುತ್ತದೆ, ಆದರೆ ಯಾಕೆಂದು ಕೇಳುವುದಿಲ್ಲ. ಒಂದೊಂದು ವಾರ ಸೇರಿಸಬೇಕು ಅನ್ನಿಸಿ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಅವರು ಆಮೆನ್ ಅಂದಿರುತ್ತಾರೆ.