ರಸೂಲರ ತಾರಸಿಯ ಪಾರಿವಾಳಗಳು

ಚನ್ನಪಟ್ಟಣದ ಮಂಗಳವಾರಪೇಟೆಯ ರಸೂಲ್ ಮೂವತ್ತು ವರ್ಷದಿಂದ ಬೊಂಬೆ ಕಡೆಯುವವರು. ಬೆಳಿಗ್ಗೆ ಲೇತಿನ ಮುಂದೆ ಕೂರುವ ಮೊದಲು ತಾರಸಿಗೆ ಹೋಗಿ ಪಾರಿವಾಳಗಳನ್ನು ನೋಡಿ ಬರದಿದ್ದರೆ ಅವರ ಕೈ ಕೆಲಸಕ್ಕೆ ಬಗ್ಗುತ್ತಿರಲಿಲ್ಲ.

ಹೋದ ವರ್ಷ ಗೂಡಿನಲ್ಲಿ ಹುಟ್ಟಿದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಹತ್ತನೆಯ ದಿನದ ಹೊತ್ತಿಗೆ ಗಂಟಲಲ್ಲಿ ಹಳದಿ ಗಂಟು ಕಟ್ಟಿ, ಗುಟುಕು ಇಳಿಯದೆ ಸತ್ತವು. ದೃಷ್ಟಿಯಾಗಿದೆ ಎಂದರು ನೆರೆಯವರು. ರಸೂಲ್ ಗೂಡುಗಳಿಗೆ ಸುಣ್ಣ ಬಳಿದರು.

ಈ ಡಿಸೆಂಬರಿನಲ್ಲಿ ಅವರು ಎಂದಿನಂತೆ ಗಂಡು ಹೆಣ್ಣುಗಳನ್ನು ಬೇರೆ ಮಾಡಿದರು. ಜೋಡಿ ಕಟ್ಟುವ ಮೊದಲು ಎರಡು ತಿಂಗಳು ಹಕ್ಕಿಗಳಿಗೆ ಬಿಡುವು ಬೇಕು. ಆಗ ಹೆಂಡತಿ ಇಸ್ಮತ್ ಕೇಳಿಯೇಬಿಟ್ಟರು:

"ಈ ಸಲಾನೂ ಮರಿ ಸಾಯೋದು ನೋಡ್ಕೊಂಡು ಕೂರ್ತೀರಾ? ಡಾಕ್ಟ್ರತ್ರ ತಗೊಂಡೋಗಿ."

"ಹಸು ಎಮ್ಮೆ ನೋಡೋರು ಪಾರಿವಾಳ ನೋಡ್ತಾರಾ?" ಎಂದು ಗೊಣಗುತ್ತಲೇ ರಸೂಲ್ ಹಳೆಯ ಹೆಣ್ಣು ಹಕ್ಕಿಯೊಂದನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಹೊರಟರು.

ಪಶುವೈದ್ಯೆ ನೇತ್ರಾ ಹಕ್ಕಿಯ ಗಂಟಲಿನ ಲೋಳೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ರಸೂಲರಿಗೂ ತೋರಿಸಿದರು. ಚುಕ್ಕಿಯಂಥ ಜೀವಿಗಳು ಕುಲುಕಾಡುತ್ತಿದ್ದವು.

"ಈ ಹಕ್ಕಿಗೇನೂ ಆಗಲ್ಲ. ಇದು ಗುಟುಕು ಕೊಟ್ಟ ಮರಿ ಉಳಿಯಲ್ಲ. ಈ ರೋಗ ನೀರಿಂದ್ಲೂ ಹರಡುತ್ತೆ. ಎಲ್ಲಾ ಒಂದೇ ತೊಟ್ಟೀಲಿ ನೀರು ಕುಡೀತಾವಾ?"

"ಹೂಂ ಮೇಡಂ. ಇರೋದೇ ಒಂದು ತೊಟ್ಟಿ." ರಸೂಲರ ದನಿ ಇಳಿಯಿತು. "ಅಂಗಾರೆ ನಾನೇ ಸಾಯಿಸ್ಬುಟ್ಟಂಗಾಯ್ತಲ್ಲ."

"ಗೊತ್ತಿಲ್ದೆ ಆಗಿದ್ದು. ಎಲ್ಲಕ್ಕೂ ಔಷಧಿ ಕೊಡಿ. ಜೋಡಿ ಹಾಕೋಕೆ ಮುಂಚೆ ಇನ್ನೊಂದ್ಸಲ ತನ್ನಿ, ನೋಡೋಣ."

ರಸೂಲ್ ಐದು ದಿನ ಹಕ್ಕಿಗಳಿಗೆ ಔಷಧಿಯ ನೀರು ಕುಡಿಸಿದರು. ಸಿಮೆಂಟಿನ ತೊಟ್ಟಿ ಒಡೆದು ಹಾಕಿ, ಗೂಡಿಗೊಂದು ಬಟ್ಟಲು ಇಟ್ಟರು. ಇಸ್ಮತ್ ಆ ಬಟ್ಟಲುಗಳನ್ನು ದಿನವೂ ಕುದಿಸಿ ಒಣಗಿಸಿದರು. ಜೋಳ, ಹೆಸರುಕಾಳಿನ ಜೊತೆ ಮೊಟ್ಟೆಚಿಪ್ಪಿನ ಪುಡಿಯನ್ನೂ ಬೆರೆಸಿ ಹಾಕಿದರು. ನೇತ್ರಾ ಎರಡನೇ ಸಲ ನೋಡಿದಾಗ ಲೋಳೆಯಲ್ಲಿ ಏನೂ ಕಾಣಲಿಲ್ಲ. ಆದರೂ ರಸೂಲರಿಗೆ ನಂಬಿಕೆ ಬರಲಿಲ್ಲ.

ಫೆಬ್ರುವರಿಯಲ್ಲಿ ಆರು ಜೋಡಿ ಕಟ್ಟಿದರು. ಮಾರ್ಚಿನಲ್ಲಿ ಹನ್ನೆರಡು ಮರಿಗಳಾದವು. ಹತ್ತನೆಯ ದಿನ ಬಂತು. ರಸೂಲ್ ಗೂಡಿನ ಮುಂದೆ ನಿಂತರು, ಕೈ ಒಳಗೆ ಹೋಗಲಿಲ್ಲ.

"ನನ್ ಕೈಲಾಗಲ್ಲ, ನೀನೇ ನೋಡು."

ಇಸ್ಮತ್ ಒಂದು ಮರಿಯನ್ನು ಎತ್ತಿ ಬಾಯಿ ಬಿಡಿಸಿದರು. ಬಿಸಿಲಿಗೆ ಹಿಡಿದರು. "ಗುಲಾಬಿ ಬಣ್ಣ ಐತೆ ಕಣ್ರೀ. ಗಂಟಿಲ್ಲ, ಏನಿಲ್ಲ."

"ಇನ್ನೊಂದು ನೋಡು."

ಹನ್ನೆರಡನ್ನೂ ನೋಡಿದರು. ರಸೂಲ್ ತಾರಸಿಯ ಗೋಡೆಗೆ ಒರಗಿ ಕೂತು, ಟೋಪಿ ತೆಗೆದು ಮುಖ ಒರೆಸಿಕೊಂಡರು. ಒಂದು ಮರಿಯನ್ನು ಆಮೇಲೆ ಬೆಕ್ಕು ಹೊತ್ತೊಯ್ದಿತು, ಅದರ ಸಂಕಟ ಬೇರೆ. ಮಿಕ್ಕ ಹನ್ನೊಂದು ಮೇ ತಿಂಗಳಲ್ಲಿ ಮಂಗಳವಾರಪೇಟೆಯ ಮೇಲೆ ಹಾರತೊಡಗಿದವು.