ನೆಲ ನೋಡಿಕೊಂಡು ಹಾರುತ್ತಿದ್ದ ಅತ್ತಿಗೆ

ನಮ್ಮತ್ತಿಗೆಯ ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೂ ಒರಟಾಗಿತ್ತು. ಮುಟ್ಟಿದರೆ ರಾಗಿ ರೊಟ್ಟಿ ಮುಟ್ಟಿದ ಹಾಗೆ. ಮದುವೆಯಾಗಿ ಗುಬ್ಬಿಗೆ ಬಂದ ಹೊಸದರಲ್ಲಿ ಬಳೆ ತೊಡಿಸಲು ಬಂದವಳು ಆ ಕೈ ಹಿಡಿದುಕೊಂಡು, "ಇದೇನವ್ವಾ, ಸುಟ್ಕೊಂಡಿದ್ಯಾ?" ಎಂದು ಕೇಳಿದಳು. "ಇಲ್ಲ, ಮರಳು ಉಜ್ಜಿರೋದು" ಎಂದರು ಅತ್ತಿಗೆ. ಹೊಸ ಮದುಮಗಳ ಕೈಗೆ ಮರಳು ಯಾಕೆ ಉಜ್ಜಿತು ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ.

ಅಟ್ಟದ ಮೇಲಿನ ಡಬ್ಬ ಇಳಿಸಬೇಕಾದರೆ ಅವರು ಸ್ಟೂಲು ಹುಡುಕಿದವರಲ್ಲ. ಸ್ವಲ್ಪ ಹಿಂದಕ್ಕೆ ಹೋಗಿ, ಎಡಗಾಲು ಊರಿ ಚಿಮ್ಮಿ, ಡಬ್ಬ ಹಿಡಿದುಕೊಂಡೇ ನೆಲಕ್ಕೆ ಇಳಿಯುತ್ತಿದ್ದರು. ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. "ನಾನು ಮನೆಗೆ ಸೊಸೆ ತಂದ್ನೋ, ಕೋತಿ ತಂದ್ನೋ!" ಅಣ್ಣ ನಗುತ್ತಿದ್ದ. ಬೆಳಿಗ್ಗೆ ಬೈಕು ಹತ್ತಿ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಹೋದರೆ ಅವನು ಮನೆಗೆ ಬರುತ್ತಿದ್ದುದು ಸಂಜೆಗೆ. ನಡುವಿನ ಹೊತ್ತಿನ ಅತ್ತೆ ಸೊಸೆಯ ಜಗಳಕ್ಕೆ ನಾನೊಬ್ಬಳೇ ಸಾಕ್ಷಿ.

ಆಗ ನಾನು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಹೈಜಂಪ್ ಮಾಡುತ್ತಿದ್ದೆ. ಓಡಿ ಬಂದು, ಕತ್ತರಿಯ ಹಾಗೆ ಒಂದಾದ ಮೇಲೊಂದು ಕಾಲೆತ್ತಿ ಕೋಲು ದಾಟುವುದು, ಅಷ್ಟೇ ಗೊತ್ತಿದ್ದದ್ದು. ಒಂದು ಸಂಜೆ ಮನೆಯ ಹಿಂದೆ ಬಟ್ಟೆ ಒಣಹಾಕುವ ಹಗ್ಗ ಹಾರುತ್ತಿದ್ದೆ. ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಹೋದರು. ಹೊರಗೆ ಬಂದಾಗ ಅಣ್ಣನ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡಿದ್ದರು.

"ಸರಿ ಆ ಕಡೆ" ಎಂದರು.

ಓರೆಯಾಗಿ ಓಡಿ ಬಂದರು. ಹಗ್ಗದ ಪಕ್ಕಕ್ಕೆ ಬಂದು ಎಡಗಾಲು ಊರಿದ್ದು ಕಂಡಿತು, ಬಲಗಾಲು ಆಕಾಶಕ್ಕೆ ಹೋದದ್ದು ಕಂಡಿತು. ಆಮೇಲೆ ಇಡೀ ಮೈ ಹಗ್ಗದ ಮೇಲೆ ಹೊಟ್ಟೆ ಕೆಳಗಾಗಿ ಮಲಗಿತು. ಮಲಗಿದ ಹಾಗೆಯೇ ಉರುಳಿ ಆ ಕಡೆ ಇಳಿಯಿತು. ಬಲಗೈ, ಬಲಗಾಲು, ಆಮೇಲೆ ಭುಜ. ಹಗ್ಗ ಅಲುಗಲೂ ಇಲ್ಲ. ಮಣ್ಣು ಒದರಿಕೊಂಡು ಎದ್ದು, "ಈಗೆಲ್ಲಾ ಕೋಲಿಗೆ ಬೆನ್ನು ಹಾಕಿ ಹಾರ್ತಾರೆ, ಬೆನ್ನ ಮೇಲೇ ಬೀಳ್ತಾರೆ. ಅದು ದಪ್ಪ ಮ್ಯಾಟ್ ಇರೋರಿಗೆ. ನಮ್ಗೆ ಇದು" ಎಂದರು. "ನೆಲ ನೋಡ್ಕೊಂಡು ಹಾರ್ಬೇಕು ಕಣೇ. ಎಲ್ಲಿ ಬೀಳ್ತೀನಿ ಅಂತ ಗೊತ್ತಿದ್ರೆ ಭಯ ಆಗಲ್ಲ."

ಕುಣಿಗಲ್ ಕಡೆಯ ಹಳ್ಳಿಯವರು ಅವರು. ತುಮಕೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕಾಲೇಜು ಓದಿದವರು. ಜಿಲ್ಲೆಯಲ್ಲಿ ಹುಡುಗಿಯರ ಹೈಜಂಪ್ ಅಂದರೆ ಆಗ ಇವರ ಹೆಸರೇ. ಇದೆಲ್ಲ ನನಗೆ ತಿಳಿದದ್ದು ಅವರ ಬಾಯಿಂದಲ್ಲ. ನಮ್ಮ ಶಾಲೆಯ ಮೇಷ್ಟ್ರೊಬ್ಬರು ಬೀದಿಯಲ್ಲಿ ಇವರನ್ನು ಕಂಡು, ಸೈಕಲ್ ಇಳಿದು ನಿಂತು, "ಇವ್ರು ನಿಮ್ಮತ್ತಿಗೇನಾ? ಇವ್ರು ಹಾರೋದು ನೋಡೋಕೆ ನಾವು ಕಾಲೇಜಿಗೆ ಚಕ್ಕರ್ ಹೊಡೀತಿದ್ವಿ" ಎಂದರು. ಹಾಗಿದ್ದವರು ಯಾಕೆ ಬಿಟ್ಟರು? ನಾನು ಕೇಳಿದರೆ ಅತ್ತಿಗೆ ಮಾತು ಬದಲಿಸುತ್ತಿದ್ದರು.

ನನಗೆ ಕಲಿಸುವುದನ್ನು ಮಾತ್ರ ಬಿಡಲಿಲ್ಲ. ಊರಾಚೆಯ ನಾರಿನ ಮಿಲ್ಲಿನಲ್ಲಿ ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಗುಡ್ಡೆ ಹಾಕಿರುತ್ತಾರೆ. ಒಂದು ಟ್ರ್ಯಾಕ್ಟರ್ ಲೋಡು ಆ ಪುಡಿ ತರಿಸಿ ತೋಟದಲ್ಲಿ ಸುರಿಸಿದರು. ಎರಡು ಗೂಟ ನೆಟ್ಟು, ಮೊಳೆ ಹೊಡೆದು, ಬಿದಿರ ಗಳ ಇಟ್ಟರು. ಅವ್ವ ರಂಪ ಮಾಡಿದಳು. "ನಾಳೆ ಕೊಟ್ ಮನೆಗೆ ಹೋಗೋ ಹುಡ್ಗಿ. ಕೈಕಾಲು ಮುರ್ಕೊಂಡ್ರೆ ನೀನು ಮದ್ವೆ ಮಾಡ್ತೀಯೇನಮ್ಮಿ?"

ಅತ್ತಿಗೆಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. "ಮುರೀಬಾರ್ದು ಅಂತಾನೇ ಅತ್ತೆ, ಪುಡಿ ತರಿಸಿರೋದು" ಎಂದರು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಕೊನೆಗೆ ಅವರು ಆ ವಿಷಯ ಹೇಳಿದ್ದು ಒಂದು ಮಧ್ಯಾಹ್ನ, ನಾವು ಮೂವರೂ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ. ನಾನು ಟೀವಿಯಲ್ಲಿ ನೋಡಿದ್ದೆ, ಬೆನ್ನು ಹಾಕಿ ಹಾರುವುದನ್ನು ಕಲಿಸಿ ಎಂದು ಹಟ ಹಿಡಿದಿದ್ದೆ. ಅತ್ತಿಗೆಯ ಕೈ ನಿಂತಿತು.

ಕಾಲೇಜಿನ ದಿನಗಳಲ್ಲಿ ಅವರಿಗೊಬ್ಬ ಕೋಚು ಇದ್ದ. ಅವನನ್ನು ಬಹುವಚನದಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಾಗ, ಹಳೇ ಸ್ಟೈಲಿನಲ್ಲಿ ಹಾರಿದರೆ ಮೇಲಿನವರು ನಗುತ್ತಾರೆ, ಎಲ್ಲರೂ ಬೆನ್ನು ಹಾಕಿಯೇ ಹಾರಬೇಕು ಎಂದನಂತೆ. ಮೈದಾನದಲ್ಲಿ ಇದ್ದದ್ದು ಮರಳಿನ ಗುಂಡಿ. ಅದೂ ಮಳೆ ಬಿದ್ದು ಹೆಪ್ಪುಗಟ್ಟಿದ ಮರಳು. ಅತ್ತಿಗೆ ಆಗಲ್ಲ ಎಂದರು. ಅವರ ರೂಮ್‌ಮೇಟು, ಕುಣಿಗಲ್‌ನವಳೇ, ಜೊತೆಗೇ ಹಾರುತ್ತಿದ್ದ ಗೆಳತಿ, ಆಗಲ್ಲ ಎನ್ನಲು ಹೆದರಿದಳು. ಹಾರಿದಳು. ಕತ್ತಿನ ಮೇಲೆ ಬಿದ್ದಳು.

"ಆಮೇಲೆ ಪ್ರಿನ್ಸಿಪಾಲ್ರ ಮುಂದೆ ಹೇಳ್ದ, ನಾನಿಲ್ದೇ ಇದ್ದಾಗ ತಾವೇ ಹಾರಿದಾರೆ ಅಂತ" ಎಂದರು ಅತ್ತಿಗೆ. "ನಾನು ಹೋಗಿ, ಇಲ್ಲ ಸಾರ್, ಇವ್ರೇ ನಿಂತು ಹಾರ್ಸಿದ್ದು ಅಂದೆ. ಮುಂದಿನ ವಾರ ಟೀಮಲ್ಲಿ ನನ್ ಹೆಸ್ರಿಲ್ಲ. ಯಾಕೆ ಅಂತ ಕೇಳಿದ್ರೆ ಶಿಸ್ತಿಲ್ಲ ಅಂದ್ರು. ನಮ್ಮಪ್ಪ ಬಂದು ಕರ್ಕೊಂಡು ಹೋದ್ರು. ಆಮೇಲೆ ನಿಮ್ಮನೆಯವ್ರು ಹೆಣ್ ನೋಡೋಕೆ ಬಂದ್ರು."

ಅವ್ವ ಸಿಪ್ಪೆ ಬಾಚಿಕೊಂಡು ಎದ್ದು ಹೋದಳು. ಆ ವರ್ಷ ಮಳೆ ಹಿಡಿದು ತೋಟದ ಪುಡಿಯೆಲ್ಲ ಗಟ್ಟಿಯಾಗಿತ್ತು. ಒಂದು ಬೆಳಿಗ್ಗೆ ನಾನೂ ಅತ್ತಿಗೆಯೂ ಹೋಗಿ ನೋಡಿದರೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸನಿಕೆಯಿಂದ ಅದನ್ನು ಕೆದಕುತ್ತಿದ್ದಳು. "ಏನ್ ನೋಡ್ತೀರಾ, ಹಾರಿ" ಎಂದಳು, ಬೈಯುವ ದನಿಯಲ್ಲೇ.

ಅತ್ತಿಗೆ ಒಮ್ಮೆ ನನ್ನನ್ನು ಕುಣಿಗಲ್‌ಗೆ ಆ ಗೆಳತಿಯ ಹತ್ತಿರ ಕರೆದುಕೊಂಡು ಹೋದರು. ಆಕೆ ಬಸ್ ಸ್ಟ್ಯಾಂಡಿನ ಹತ್ತಿರ ತಮ್ಮನ ಫ್ಯಾನ್ಸಿ ಸ್ಟೋರಿನಲ್ಲಿ ಕೂತಿದ್ದರು. ಗಿರಾಕಿ ಪಕ್ಕದಿಂದ ಕರೆದರೆ ಅವರ ತಲೆಯೊಂದೇ ತಿರುಗುವುದಿಲ್ಲ, ಕುರ್ಚಿ ಸಮೇತ ಇಡೀ ಮೈ ತಿರುಗಬೇಕು. ಬಳೆ, ಕ್ಲಿಪ್ಪು ಎಲ್ಲವನ್ನೂ ಕಣ್ಣಿನ ಮಟ್ಟಕ್ಕೆ ಜೋಡಿಸಿಕೊಂಡಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಲಾಗದೆ, "ಹಿಂದೆ ಹೋಗಿ ನಿಂತ್ಕೊಳಮ್ಮ, ಪೂರ್ತಿ ಕಾಣ್ಲಿ" ಎಂದರು. ಹಿಂದೆ ಹೋಗಿ ನಿಂತೆ. "ಕಾಲು ಚೆನ್ನಾಗವೆ" ಎಂದು ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಅತ್ತಿಗೆ ಕಿಟಕಿಯ ಕಡೆ ನೋಡುತ್ತಲೇ, "ಅಳ್ಬೇಡ. ಸಿಟ್ ಮಾಡ್ಕೊ. ಸಿಟ್ಟನ್ನ ಕಾಲಿಗೆ ಇಳಿಸ್ಕೊ" ಎಂದರು.

ನಾನು ಪಿಯುಸಿಗೆ ಬಂದಾಗ ಜಿಲ್ಲಾ ಮಟ್ಟದ ಕ್ರೀಡಾಕೂಟ ತುಮಕೂರಿನಲ್ಲಿ ನಡೆಯಿತು. ಹಿಂದಿನ ದಿನ ಪ್ರಾಕ್ಟೀಸಿಗೆ ಹೋದರೆ ಉಸ್ತುವಾರಿಗೆ ನಿಂತವನು ಅದೇ ಕೋಚು. ಈಗ ಹೊಟ್ಟೆ ಬಂದಿತ್ತು, ಕತ್ತಿನಲ್ಲಿ ಸೀಟಿ, ಸುತ್ತ ನಾಲ್ಕು ಜನ. ನನ್ನ ಒಂದು ಜಿಗಿತ ನೋಡಿ ಹತ್ತಿರ ಬಂದ.

"ಸ್ಪ್ರಿಂಗ್ ಇದೆ ಹುಡ್ಗೀಗೆ. ಆದ್ರೆ ಇದ್ಯಾವ ಅಜ್ಜಿ ಕಾಲದ ಜಂಪು? ಬೆನ್ನು ಹಾಕಿ ಹಾರು. ನಾನ್ ಹೇಳ್ಕೊಡ್ತೀನಿ."

ಅಲ್ಲಿ ಮ್ಯಾಟ್ ಇತ್ತು. ಮ್ಯಾಟ್ ಅಂದರೆ ಹಳೆಯ ಫೋಮಿನ ತುಂಡುಗಳನ್ನು ಒತ್ತಿಟ್ಟು ಮೇಲೆ ಟಾರ್ಪಾಲು ಕಟ್ಟಿದ್ದು. ನಾನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದೆ. ಗ್ಯಾಲರಿಯಿಂದ ಅತ್ತಿಗೆ ಇಳಿದು ಬಂದರು. ಯಾರನ್ನೂ ಕೇಳದೆ ಮ್ಯಾಟಿನ ಹತ್ತಿರ ಮಂಡಿಯೂರಿ, ಟಾರ್ಪಾಲಿನ ಹಗ್ಗ ಬಿಚ್ಚಿ, ಎತ್ತಿ ತೋರಿಸಿದರು. ಎರಡು ತುಂಡುಗಳ ನಡುವೆ ಅವರ ತೋಳು ಪೂರ್ತಿ ಒಳಗೆ ಹೋಯಿತು. ಕೆಳಗೆ ಕಾಂಕ್ರೀಟು.

"ಸಾರ್, ಮೊದ್ಲು ನೀವು ಇಲ್ಲಿ ಬೆನ್ನು ಹಾಕಿ ಬೀಳಿ. ಆಮೇಲೆ ನಮ್ ಹುಡ್ಗಿ ಬೀಳ್ತಾಳೆ."

ಅವನು ಕಣ್ಣು ಕಿರಿದು ಮಾಡಿ ನೋಡಿದ. "ನೀನಾ?"

"ನಾನೇ ಸಾರ್."

"ಇನ್ನೂ ಆ ಸಿಟ್ಟು ಬಿಟ್ಟಿಲ್ವಾ?"

"ಅವ್ಳ ಕತ್ತು ಇನ್ನೂ ತಿರುಗಿಲ್ಲ ಸಾರ್."

ಸುತ್ತ ನಿಂತಿದ್ದ ಮೇಷ್ಟ್ರುಗಳೆಲ್ಲ ಬೇರೆ ಬೇರೆ ಕಡೆ ನೋಡಿದರು. ಒಬ್ಬ ಶೂ ಲೇಸ್ ಕಟ್ಟಿಕೊಂಡ. ಆ ಮುಖಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಕೆಲವರು ಈಗ ನನ್ನ ಸಹೋದ್ಯೋಗಿಗಳು, ಮೀಟಿಂಗಿನಲ್ಲಿ ಟೀ ಕೊಟ್ಟು ಮಾತಾಡಿಸುತ್ತಾರೆ. ಟೀ ಕುಡಿಯುತ್ತೇನೆ. ಆದರೆ ಮರೆತಿಲ್ಲ.

ಅವನು ಹೆಸರು ತೆಗೆಸುತ್ತೇನೆ ಎಂದ. ಅತ್ತಿಗೆಯ ದನಿ ಇನ್ನೂ ಇಳಿಯಿತು. "ಒಂದೇ ಕಾಲಲ್ಲಿ ಎಗರ್ಬೇಕು ಅನ್ನೋದೊಂದೇ ರೂಲು. ಬೆನ್ನೋ ಹೊಟ್ಟೇನೋ ಅವರವ್ರ ಇಷ್ಟ. ತೆಗೀರಿ ಹೆಸ್ರು. ಈ ಟಾರ್ಪಾಲ್ ಎತ್ತಿ ಎಲ್ಲಾ ಅಪ್ಪ ಅಮ್ಮಂದಿರಿಗೂ ತೋರಿಸ್ತೀನಿ. ನಾನೀಗ ನಿಮ್ ಟೀಮಿನ ಹುಡ್ಗಿ ಅಲ್ಲ." ಅವನು ಹೆಸರು ತೆಗೆಯಲಿಲ್ಲ. ಆದರೆ ಫೋಮ್ ಸರಿಮಾಡಿಸಲೂ ಇಲ್ಲ. ತುಂಡುಗಳ ಸಂದಿಗೆ ಹುಲ್ಲು ತುರುಕಿದ್ದು ಅತ್ತಿಗೆ, ಜೊತೆಗೆ ಮಕ್ಕಳನ್ನು ಕರೆತಂದಿದ್ದ ಇಬ್ಬರು ತಾಯಂದಿರು.

ಮರುದಿನ ನಾನು ನೆಲ ನೋಡಿಕೊಂಡೇ ಹಾರಿದೆ. ಗ್ಯಾಲರಿಯಲ್ಲಿ ಹುಡುಗರು ಕಿಸಿಕಿಸಿ ನಕ್ಕರು. ಕೋಲು ಏರುತ್ತ ಹೋದ ಹಾಗೆ ನಗು ನಿಂತಿತು. ಜಿಲ್ಲೆಗೆ ಮೊದಲು ಬಂದೆ. ವಿಭಾಗ ಮಟ್ಟದಲ್ಲಿ ನನಗಿಂತ ಚೆನ್ನಾಗಿ ಹಾರಿದ ಇಬ್ಬರು ಇದ್ದರು, ಬೆನ್ನು ಹಾಕಿ ಹಾರಿದವರು, ಒಳ್ಳೆಯ ಮ್ಯಾಟಿನ ಮೇಲೆ ಕಲಿತವರು. ಅದಕ್ಕೆ ನನಗೆ ದುಃಖವಿಲ್ಲ. ಅತ್ತಿಗೆಗೂ ಇರಲಿಲ್ಲ. ಆ ಹುಡುಗಿಯರನ್ನು ಬಾಯಿ ಬಿಟ್ಟುಕೊಂಡು ನೋಡಿದರು. "ಎಷ್ಟ್ ಚೆನ್ನಾಗ್ ಹಾರ್ತಾರಲ್ವೇನೇ! ಮ್ಯಾಟ್ ಇದ್ದಿದ್ರೆ ಅವ್ಳೂ ಹಿಂಗೇ ಹಾರಿರೋಳು" ಎಂದರು. ಆಗ ನನಗೆ ಗೊತ್ತಾಯಿತು, ಅವರ ಜಗಳ ಹೊಸ ಸ್ಟೈಲಿನ ಮೇಲೆ ಎಂದೂ ಇರಲಿಲ್ಲ.

ಈಗ ನಾನು ಊರ್ಡಿಗೆರೆ ಹೋಬಳಿಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ನನ್ನ ಕತ್ತು ಎರಡೂ ಕಡೆ ತಿರುಗುತ್ತದೆ. ಇದು ಅತ್ತಿಗೆಯ ಋಣ, ತೀರುವಂಥದ್ದಲ್ಲ. ಕೂಟಗಳಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಮೊದಲು ಟಾರ್ಪಾಲು ಎತ್ತಿ ನೋಡುತ್ತೇನೆ. "ಮೇಡಂ, ನಿಮ್ದೊಂದು ಗಲಾಟೆ" ಎಂದು ಸಂಘಟಕರು ಗೊಣಗುತ್ತಾರೆ. ಗೊಣಗಲಿ. ವೇದಿಕೆಗೆ ಹೂವಿನ ಅಲಂಕಾರ ಇರುತ್ತದೆ, ಅತಿಥಿಗಳಿಗೆ ಪೇಟ ಇರುತ್ತದೆ, ತುಮಕೂರಿನ ಮೈದಾನದ ಗೇಟಿನಿಂದ ಊರಂಚಿನ ಬಟವಾಡಿಯವರೆಗೂ ಫ್ಲೆಕ್ಸ್ ಇರುತ್ತದೆ. ಮಗು ಬೀಳುವ ಜಾಗದಲ್ಲಿ ಫೋಮ್ ಇರುವುದಿಲ್ಲ.

ಅಂಥದೇ ಒಂದು ಫ್ಲೆಕ್ಸಿನಲ್ಲಿ ಆ ಕೋಚಿನ ಮುಖ ಬಂತು. 'ಕ್ರೀಡಾಲೋಕದ ದಂತಕಥೆ' ಎಂದು ಬರೆದಿದ್ದರು. ಅವನ ಸನ್ಮಾನದ ಜೊತೆಗೆ ಹಳೆಯ ಕ್ರೀಡಾಪಟುಗಳಿಗೂ ಅವನ ಕೈಯಿಂದಲೇ ಶಾಲು ಹೊದಿಸುತ್ತಾರಂತೆ, ಅತ್ತಿಗೆಗೆ ಫೋನು ಬಂತು. ಅಷ್ಟು ಹೊತ್ತಿಗೆ ಅವರ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾಗಿತ್ತು. ಮಂಚದ ಮೇಲೆ ಒರಗಿಕೊಂಡೇ ಸ್ಪೀಕರಿನಲ್ಲಿ ಮಾತಾಡಿದರು. ಅವ್ವ ಪಕ್ಕದಲ್ಲಿ ಕೂತು ಅವರ ಕಾಲು ಒತ್ತುತ್ತಿದ್ದಳು.

"ನನ್ ಗೆಳತೀನೂ ಕರೀತೀರಾ?" ಎಂದು ಕೇಳಿದರು ಅತ್ತಿಗೆ, ಹೆಸರು ಹೇಳಿ.

ಆ ಕಡೆಯವನು, "ಮೇಡಂ, ಪ್ರೈಜ್ ಬಂದೋರಿಗೆ ಮಾತ್ರ ಇಟ್ಕೊಂಡಿದೀವಿ" ಎಂದ.

"ಹಂಗಾದ್ರೆ ನಂಗೂ ಬ್ಯಾಡ. ಅವ್ನ ಕೈಯಿಂದ ಅಂತೂ ಬ್ಯಾಡವೇ ಬ್ಯಾಡ. ಬರ್ಕೊಳಿ."

ಅಣ್ಣ, "ಹೋಗ್ ಬರ್ಬೋದಿತ್ತಲ್ಲ" ಎಂದ. ಅತ್ತಿಗೆ ಫೋನು ದಿಂಬಿನ ಕೆಳಗೆ ಇಟ್ಟರು. ಅವ್ವ ಕಾಲೊತ್ತುವುದನ್ನು ನಿಲ್ಲಿಸಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಅತ್ತಿಗೆ ಹೋದರು. ಆಸ್ಪತ್ರೆಯಿಂದ ಬೆಳಗಿನ ಹೊತ್ತಿಗೆ ಮನೆಗೆ ತಂದೆವು. ಅಂಗಳದಲ್ಲಿ ಶಾಮಿಯಾನದ ಕೆಳಗೆ ಮಲಗಿಸಿದ್ದೆವು, ಹಸಿರು ಸೀರೆ ಉಡಿಸಿ, ಹೂ ಮುಡಿಸಿ. ಜನ ಬರುತ್ತಿದ್ದರು. ಹನ್ನೊಂದು ಗಂಟೆಯ ಸುಮಾರಿಗೆ ಒಂದು ಕಾರು ಬಂದು ನಿಂತಿತು. ಇಳಿದದ್ದು ಅವನು. ಈಗ ಕೈಯಲ್ಲಿ ಕೋಲು. ಜೊತೆಗೆ ಇಬ್ಬರು, ಒಬ್ಬ ಕ್ಯಾಮೆರಾದವನು. ಕೋಚಿನ ಇನ್ನೊಂದು ಕೈಯಲ್ಲಿ ಜರಿಯಂಚಿನ ಶಾಲು, ಅಂಗಡಿಯ ಕವರಿನಿಂದ ಆಗ ತಾನೇ ತೆಗೆದದ್ದು, ಮಡಿಕೆಯೂ ಬಿಚ್ಚಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಆದರೆ ಸಾವಿನ ಮನೆ, ಅಣ್ಣ ಕುಸಿದು ಕೂತಿದ್ದಾನೆ, ಊರಿನವರೆಲ್ಲ ಎದ್ದು ಅವನಿಗೆ ದಾರಿ ಬಿಡುತ್ತಿದ್ದಾರೆ. ನಾನೂ ಪಕ್ಕಕ್ಕೆ ಸರಿದೆ. ಅವನು ಶಾಲು ಬಿಡಿಸಿದ. ಕ್ಯಾಮೆರಾದವನು ಒಂದು ಕುರ್ಚಿ ಪಕ್ಕಕ್ಕೆ ಎಳೆದು ಜಾಗ ಮಾಡಿಕೊಂಡ.

ತಲೆಯ ಹತ್ತಿರ ಕೂತಿದ್ದ ಅವ್ವ ಎದ್ದಳು. ಅವಳ ಮಂಡಿ ನೋವಿಗೆ ಹಾಗೆ ಒಮ್ಮೆಗೇ ಏಳುವುದು ಆಗುತ್ತಿರಲಿಲ್ಲ. ಎದ್ದವಳು ಶಾಲಿನ ಅಂಚು ಹಿಡಿದುಕೊಂಡಳು.

"ಬ್ಯಾಡಪ್ಪ" ಎಂದಳು.

"ಅಮ್ಮ, ಗೌರವ..." ಎಂದ ಅವನು.

"ಬಾಯಿದ್ದಾಗ ಬ್ಯಾಡ ಅಂದವ್ಳೆ ನಮ್ ಹುಡ್ಗಿ. ನಾನು ಪಕ್ದಲ್ಲೇ ಇದ್ದೆ, ಕೇಳಿಸ್ಕೊಂಡಿದೀನಿ. ಈಗ ಮಾತಾಡಲ್ಲ ಅಂತ ಹೊದಿಸ್ತೀಯಾ?"

ಅವನು ಶಾಲು ಬಿಡಲಿಲ್ಲ, ಅವ್ವನೂ ಬಿಡಲಿಲ್ಲ. ಕೊನೆಗೆ ಅವನ ಕೈಯೇ ಸಡಿಲವಾಯಿತು. ಅವ್ವ ಅದನ್ನು ನಿಧಾನವಾಗಿ ಮಡಿಸಿ, ಕ್ಯಾಮೆರಾದವನ ಹೆಗಲ ಮೇಲೆ ಹಾಕಿದಳು. "ಕಾರಲ್ಲಿ ಇಡಪ್ಪ" ಎಂದಳು.

ಕಾರು ಹೋಗುವವರೆಗೂ ಅವಳು ನಿಂತೇ ಇದ್ದಳು.