ತಣಿಸಂದ್ರದ ಗೌರಮ್ಮ ಮತ್ತು ನಮ್ಮ ಉಪ್ಪುನೀರಿನ ತೊಟ್ಟಿ

ಗೌರಮ್ಮನವರು ಮೀನು ಮಾರಿದ್ದಕ್ಕಿಂತ, ಮಾರಲು ಒಪ್ಪದೆ ಗಿರಾಕಿಗಳನ್ನು ವಾಪಸು ಕಳಿಸಿದ್ದೇ ಹೆಚ್ಚು. ತಣಿಸಂದ್ರ ಮುಖ್ಯರಸ್ತೆಯಲ್ಲಿ, ಬೇಕರಿಯೊಂದರ ಪಕ್ಕ, ಸಮುದ್ರದ ಬಣ್ಣಬಣ್ಣದ ಮೀನು ಮಾರುವ ಪುಟ್ಟ ಅಂಗಡಿ ಅವರದು. ಒಳಗೆ ಬಂದವರನ್ನು ಏನು ಬೇಕೆಂದು ಅವರು ಕೇಳುತ್ತಿರಲಿಲ್ಲ. "ತೊಟ್ಟಿ ಇಟ್ಟು ಎಷ್ಟ್ ದಿನ ಆಯ್ತು?" ಎಂದು ಕೇಳುತ್ತಿದ್ದರು. ಉತ್ತರ ಸರಿಬರದಿದ್ದರೆ ಬಲೆಯನ್ನು ಮೊಳೆಗೆ ನೇತುಹಾಕಿ, ಸೆರಗು ಸಿಕ್ಕಿಸಿ, ಗಾಜು ಒರೆಸಲು ನಿಂತುಬಿಡುತ್ತಿದ್ದರು. ಆಮೇಲೆ ಎಷ್ಟು ಬೇಡಿದರೂ ವ್ಯಾಪಾರವಿಲ್ಲ.

ಆ ಊರಿನ ಹಳೆಯ ಮನೆತನದವರು ಅವರು. ಗಂಡ ತೀರಿಕೊಂಡಾಗ ಮೈದುನಂದಿರು ಅಂಗಡಿ ಮುಚ್ಚಿಬಿಡಿ ಎಂದರಂತೆ. ಇವರು ಕನ್ನಡಕ ಏರಿಸಿ, ಗಂಡ ಬಿಟ್ಟುಹೋದ ಮೀನಿನ ಔಷಧಿಯ ಬಾಟಲಿಗಳ ಮೇಲಿನ ಇಂಗ್ಲಿಷನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ ಕೆಲಸ ಕಲಿತರು.

ನಾನು ಅಲ್ಲಿಗೆ ಹೋದದ್ದು ಅಪ್ಪನಿಗಾಗಿ. ಕುಂದಾಪುರದ ಕಡಲತೀರದಲ್ಲಿ ಬೆಳೆದ ಅಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋಗಿದ್ದವು. ಸಹಕಾರನಗರದ ನಮ್ಮ ಮನೆಯ ಹಾಲ್‌ನಲ್ಲಿ ದಿನವಿಡೀ ಗೋಡೆ ನೋಡುತ್ತ ಕೂರುತ್ತಿದ್ದರು. ಅವರ ಕಣ್ಣ ಮುಂದೆ ಒಂದಿಷ್ಟು ಸಮುದ್ರ ತಂದಿಡಬೇಕೆಂದು ನಾನು ಹಟ ತೊಟ್ಟೆ. ಗಾಜಿನ ತೊಟ್ಟಿ, ಕಲ್ಲು, ಮರಳು, ಉಪ್ಪು ಎಲ್ಲವನ್ನೂ ಗೌರಮ್ಮನವರೇ ಕೊಟ್ಟರು. ಮೀನು ಮಾತ್ರ ಕೊಡಲಿಲ್ಲ.

"ಉಪ್ಪು ಕದಡಿದೇಟ್ಗೆ ಸಮುದ್ರ ಆಗಲ್ಲ ಕಣಪ್ಪ. ನೀರು ಅಣ್ಣಾಗ್ಬೇಕು. ಆರು ವಾರ ಬುಟ್ಟು ಬಾ."

ನೀರು ಹಣ್ಣಾಗುವುದೆಂದರೆ, ಮೀನಿನ ಹೊಲಸನ್ನು ಅರಗಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆಯುವುದು. ಅವು ಬೆಳೆಯದಿದ್ದರೆ ನೀರು ವಿಷವಾಗುತ್ತದೆ.

"ಅಪ್ಪ ದಿನಾ ಖಾಲಿ ನೀರು ನೋಡ್ತಾ ಕೂತಿರ್ತಾರೆ, ಗೌರಮ್ಮನೋರೇ."

"ನಿಮ್ಮಪ್ಪಾರು ಕಾಯ್ತಾರೆ. ಮೀನ್ಗೆ ಕಾಯಕ್ಕಾಗಲ್ಲ."

ನಾನು ಕಾಯಲಿಲ್ಲ. ಹತ್ತನೆಯ ದಿನವೇ ಬೇರೆ ಅಂಗಡಿಯಿಂದ ಬಿಳಿ ಪಟ್ಟೆಯ ಕಿತ್ತಳೆ ಮೀನೊಂದನ್ನು ತಂದು ಬಿಟ್ಟೆ. ಅಪ್ಪನ ಮುಖ ಅರಳಿತು. ಮರುದಿನ ಅದು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿತು. ಮೂರನೆಯ ದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ಸತ್ತು ತಳದಲ್ಲಿತ್ತು. ಅಪ್ಪ ಮುಖ ಆಚೆ ತಿರುಗಿಸಿಕೊಂಡಿದ್ದರು. ಅದು ಸಾಯುವುದನ್ನು ಅವರು ದಿನವಿಡೀ ನೋಡಿದ್ದರು. ಕೂಗಿ ಯಾರನ್ನೂ ಕರೆಯಲು ಅವರಿಗೆ ಸಾಧ್ಯವಿರಲಿಲ್ಲ.

ತಪ್ಪೊಪ್ಪಿಕೊಳ್ಳಲು ಹೋದಾಗ ಗೌರಮ್ಮ ಬೈಯಲಿಲ್ಲ. ಅಂಗಡಿಗೆ ಬಾಗಿಲು ಹಾಕಿ ನನ್ನ ಸ್ಕೂಟರಿನ ಹಿಂದೆ ಕುಳಿತು ಮನೆಗೆ ಬಂದರು. ಅಪ್ಪನ ಮುಂದೆ ನೆಲದ ಮೇಲೆ ಕುಳಿತು, ಗಾಜಿನ ಸಣ್ಣ ನಳಿಕೆಗೆ ತೊಟ್ಟಿಯ ನೀರು ತುಂಬಿ, ಪರೀಕ್ಷೆಯ ಹನಿಗಳನ್ನು ಬೆರೆಸಿ, ಅದನ್ನು ಅಪ್ಪನ ಎಡಗೈಗೆ ಕೊಟ್ಟರು. ನೀರು ಹಸಿರಾಯಿತು.

"ಯಜಮಾನ್ರೇ, ಅಸ್ರು ಬಂದ್ರೆ ಇಸ. ಅಳ್ದಿ ಬರೋಗಂಟ ಒಂದ್ ಜೀವಾನೂ ಒಳಕ್ಕೆ ಬುಡಬಾರ್ದು. ನಿಮ್ಮಗಂಗೆ ಆತ್ರ ಜಾಸ್ತಿ. ದಿನಾ ನೀವೇ ನೋಡಿ ಯೋಳ್ಬೇಕು."

"ಅವರಿಗೆ ಮಾತು ಬರಲ್ಲ," ಎಂದೆ ಮೆಲ್ಲಗೆ.

"ಬಣ್ಣ ಯೋಳಕ್ಕೆ ಮಾತ್ ಯಾಕೆ? ತಲೆ ಆಡ್ಸುದ್ರೆ ಸಾಕು."

ಅಂದಿನಿಂದ ಅದು ಅಪ್ಪನ ಕೆಲಸವಾಯಿತು. ಬೆಳಗ್ಗೆ ಕಾಫಿಗೂ ಮೊದಲು ನಳಿಕೆ ಬೇಕು. ಅಭ್ಯಾಸವಿಲ್ಲದ ಎಡಗೈಯಲ್ಲಿ ಹಿಡಿದು, ಹನಿಗಳ ಜೊತೆ ಬಂದಿದ್ದ ಬಣ್ಣದ ಕಾರ್ಡಿನ ಪಕ್ಕ ಇಟ್ಟು ನೋಡಿ, ಇಲ್ಲವೆಂದು ತಲೆಯಾಡಿಸುತ್ತಿದ್ದರು. ಎರಡು ನಳಿಕೆ ಬಿದ್ದು ಒಡೆದವು. ಬಿಡಲಿಲ್ಲ. ಒಂದು ದಿನ ನಾನು, "ಇದು ಹಳದೀನೇ ಅಲ್ವಾಪ್ಪ?" ಎಂದದ್ದಕ್ಕೆ ಸಿಟ್ಟಾಗಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಎಳೆಯ ಹಸಿರು ಇನ್ನೂ ಇತ್ತು. ಕೊನೆಗೆ ವಾರವಿಡೀ ಹಳದಿಯೇ ಬಂದಾಗ ಅವರು ಒಮ್ಮೆ ಹೌದೆಂದು ತಲೆಯಾಡಿಸಿದರು, ನಾನು ಫೋನ್ ಮಾಡಿದೆ.

ಗೌರಮ್ಮ ತಂದದ್ದು ಮೀನಲ್ಲ. ನಾಲ್ಕು ಕಡಲ ಬಸವನಹುಳು, ಶಂಖದೊಳಗೆ ಅಡಗಿದ ಮೂರು ಪುಟ್ಟ ಏಡಿ.

"ಮೊದ್ಲು ಕಸ ಗುಡ್ಸೋರು ಬರ್ಬೇಕು ಯಜಮಾನ್ರೇ, ನೆಂಟ್ರು ಆಮೇಲೆ."

ಅವನ್ನು ಬಕೆಟ್ಟಿನಲ್ಲಿಟ್ಟು, ತೆಳ್ಳನೆಯ ಪೈಪಿಗೆ ಗಂಟು ಹಾಕಿ, ತೊಟ್ಟಿಯ ನೀರನ್ನು ಹನಿಹನಿಯಾಗಿ ಇಳಿಸಿದರು. ಹೊಸ ನೀರಿಗೆ ಅವು ಒಗ್ಗಲು ಒಂದೂವರೆ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಗೌರಮ್ಮ ಕದಲಲಿಲ್ಲ, ಅಪ್ಪನೂ ಕದಲಲಿಲ್ಲ. ಆಮೇಲೆ ಒಂದು ಏಡಿಯನ್ನು ಎತ್ತಿ ಅಪ್ಪನ ಅಂಗೈ ಮೇಲಿಟ್ಟರು. ಕ್ಷಣ ಬಿಟ್ಟು ಅದು ಕಾಲು ಚಾಚಿ, ಶಂಖ ಹೊತ್ತುಕೊಂಡು ಬೆರಳುಗಳ ಕಡೆ ನಡೆಯಿತು. ಅಪ್ಪನ ಗಂಟಲಿನಿಂದ ನಗು ಹೊರಟಿತು. ಕಾಯಿಲೆ ಬಿದ್ದ ಮೇಲೆ ನಾವು ಕೇಳಿದ ಮೊದಲ ನಗು ಅದು. ನಾನು ಕುರ್ಚಿಯನ್ನು ಹತ್ತಿರಕ್ಕೆ ಸರಿಸಿ ಮೊಣಕೈಗೆ ಆಸರೆ ಕೊಟ್ಟೆ. ಅಪ್ಪ ತೋಳನ್ನು ತೊಟ್ಟಿಗೆ ಇಳಿಸಿ ಅದನ್ನು ತಾವೇ ಮರಳಿನ ಮೇಲೆ ಬಿಟ್ಟರು.

ಕಳೆದ ವರ್ಷ ಕಟ್ಟಡ ಕೆಡವುತ್ತಾರೆಂದು ಗೌರಮ್ಮ ಅಂಗಡಿ ಖಾಲಿ ಮಾಡಿ, ಚಿಂತಾಮಣಿಯ ತಂಗಿಯ ಮನೆಗೆ ಹೊರಟರು. ಸಾಮಾನು ಎತ್ತಿಕೊಡಲು ನಾನೂ ಹೋಗಿದ್ದೆ.

"ಅಲ್ಲೂ ಅಂಗಡಿ ಇಡ್ತೀರಾ?" ಎಂದು ಕೇಳಿದೆ.

"ಇಡ್ದೆ? ಚಿಂತಾಮಣಿ ಜನಕ್ಕೆ ಸಮುದ್ರ ಬ್ಯಾಡ್ವಾ?"

ಆಮೇಲೆ ನಾನು ಅವರನ್ನು ನೋಡಿಲ್ಲ. ಅಂದು ಟೆಂಪೋದಲ್ಲಿ ಡ್ರೈವರನ ಪಕ್ಕ ಕುಳಿತು, ನೀರು ತುಂಬಿದ ಬಕೆಟ್ಟೊಂದನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಅಪ್ಪಿಕೊಂಡಿದ್ದರು. ಗಾಡಿ ಹೊರಟಾಗ ನನ್ನ ಕಡೆ ತಿರುಗಲಿಲ್ಲ. ಡ್ರೈವರನಿಗೆ ಹೇಳುತ್ತಿದ್ದುದು ಮಾತ್ರ ಕೇಳಿಸಿತು:

"ಗುಂಡಿ ನೋಡ್ಕಂಡ್ ಓಡ್ಸಪ್ಪ, ಒಳಗೆ ಜೀವ ಐತೆ."